ಕೈಲ್ ಪೊಳ್ದ್: ಕೊಡಗಿನಲ್ಲಿ ಕೋವಿಯ ಆರೈಕೆ ಮತ್ತು ಗುರಿಯ ಪರಂಪರೆ

ಕೊಡವ ತಕ್ಕ್‌ನಲ್ಲಿ 'ಕೈಲ್' ಎಂದರೆ ಆಯುಧ, 'ಪೊಳ್ದ್' ಎಂದರೆ ಹಬ್ಬ. ಕೊಡಗಿನ ಕೈಲ್ ಪೊಳ್ದ್ ಕುರಿತ ಬರೆಹಗಳು ಸಾಮಾನ್ಯವಾಗಿ ಕೊಡವರ ಶೌರ್ಯವನ್ನು ಕೊಂಡಾಡಿ ಅಲ್ಲಿಗೇ ನಿಲ್ಲುತ್ತವೆ. ಹಬ್ಬ ಬರುವ ಋತು, ಅದರ ಆಚರಣೆಯ ಕ್ರಮ ಹಾಗೂ ಹಿಂದಿನ ಕಾಲದ ಕೋವಿಮದ್ದಿನ ಗುಣ ಇವನ್ನು ಒಟ್ಟಿಗೆ ಇರಿಸಿ ನೋಡಿದಾಗ ಬೇರೊಂದು ಸಂಗತಿ ಗೋಚರಿಸುತ್ತದೆ. ಆಯುಧವನ್ನು ಕೆಡದಂತೆ ಕಾಪಾಡುವ, ಕಾಪಾಡಿದ ಆಯುಧ ಗುರಿ ಮುಟ್ಟುವುದೇ ಎಂದು ಊರಿನ ಎದುರೇ ಪರೀಕ್ಷಿಸುವ ಒಂದು ವ್ಯವಸ್ಥೆಯಾಗಿಯೂ ಈ ಹಬ್ಬವನ್ನು ಅರ್ಥೈಸಲು ಅವಕಾಶವಿದೆ.

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಈ ಅವಧಿಯಲ್ಲಿ ಒಕ್ಕದ ಗಂಡಸರೆಲ್ಲ ಗದ್ದೆಯ ಕೆಲಸದಲ್ಲಿ ತೊಡಗಿರುತ್ತಿದ್ದುದರಿಂದ ಆಯುಧಗಳು ಐನ್‌ಮನೆಯೊಳಗೆ ಉಳಿಯುತ್ತಿದ್ದವು. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್‌ನಂದು (ಇದನ್ನು ಇಂದು ಬಹುತೇಕ ಸೆಪ್ಟೆಂಬರ್ 3ರಂದು ಆಚರಿಸುತ್ತಾರೆ) ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ, ನೆಲ್ಲಕ್ಕಿ ನಡುಬಾಡೆಯಲ್ಲಿ ಇರಿಸಿ, 'ತೋಕ್ ಪೂ' ಎಂದು ಕರೆಯುವ ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. 'ತೋಕ್' ಎಂದರೆ ಕೋವಿ. ಹೂವಿಗೂ ಆಯುಧದ ಹೆಸರೇ ಅಂಟಿಕೊಂಡಿದೆ. ಪೂಜೆಯ ನಂತರ ಕೋವಿಯನ್ನು ಹಿರಿಯರು ಕಿರಿಯರ ಕೈಗೆ ಕೊಡುವುದು ಪದ್ಧತಿ. ಕೋವಿ ಒಬ್ಬ ವ್ಯಕ್ತಿಯ ಸೊತ್ತಾಗಿರದೆ ಮನೆಯ ಸೊತ್ತಾಗಿದ್ದಿತೆಂಬುದನ್ನು ಈ ಪದ್ಧತಿ ಸೂಚಿಸುತ್ತದೆ.

ಶುಚಿಗೊಳಿಸುವ ವಿಧಿಯನ್ನು ಕೇವಲ ಸಂಕೇತವೆಂದು ಭಾವಿಸುವಂತಿಲ್ಲ. 19ನೆಯ ಶತಮಾನದ ಕೊನೆಯ ದಶಕಗಳವರೆಗೆ ಎಲ್ಲೆಡೆ ಬಳಕೆಯಲ್ಲಿದ್ದುದು ಕಪ್ಪು ಮದ್ದು. ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇದರ ಪ್ರಮಾಣ. ಉರಿದಾಗ ಇದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಹೊರಬಿದ್ದುದನ್ನು ಬಿಟ್ಟು ಉಳಿದ ಕಿಟ್ಟ ನಳಿಗೆಯ ಒಳಗೋಡೆಗೆ ಹತ್ತಿಕೊಳ್ಳುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನತೊಡಗುತ್ತವೆ. ಈ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಆದುದರಿಂದಲೇ ನಳಿಗೆಯನ್ನು ಮೊದಲು ಬಿಸಿನೀರಿನಿಂದ ತೊಳೆದು, ಆ ಬಿಸಿಯಲ್ಲೇ ಆರಿಸಿ, ಅನಂತರ ಎಣ್ಣೆ ಸವರುವ ಕ್ರಮ ಕಪ್ಪು ಮದ್ದು ಬಳಸಿದ ನಾಡುಗಳಲ್ಲೆಲ್ಲ ರೂಢಿಗೆ ಬಂದಿತು. ತೊಳೆಯದೆ ಎಣ್ಣೆ ಸವರಿದರೆ ತುಕ್ಕು ಎಣ್ಣೆಯ ಅಡಿಯಲ್ಲೇ ಬೆಳೆಯುತ್ತದೆ. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆರಹಿತ ಮದ್ದು ಸಿದ್ಧವಾದ ಮೇಲೂ ತೊಂದರೆ ನೀಗಲಿಲ್ಲ. ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದು ಉಳಿಸುವ ಲವಣ ಉಕ್ಕಿಗೆ ಅಷ್ಟೇ ಮಾರಕ. ನಾಲ್ಕು ತಿಂಗಳು ತೇವ ಆರದ ಕೊಡಗಿನಂತಹ ನಾಡಿನಲ್ಲಿ, ಮಳೆಗಾಲದ ಅಂತ್ಯಕ್ಕೆ ಸರಿಯಾಗಿ ಪ್ರತಿ ಮನೆಯ ಕೋವಿಯೂ ಹೊರಬಂದು ಶುಚಿಯಾಗಬೇಕೆಂಬ ಕಟ್ಟಳೆಯ ಪ್ರಯೋಜನವನ್ನು ಬೇರೆ ಹೇಳಬೇಕಾಗಿಲ್ಲ.

ನಳಿಗೆಯ ಸ್ಥಿತಿಗೂ ಗುರಿಗೂ ನೇರ ಸಂಬಂಧವಿದೆ. ಕಿಟ್ಟ ಕಟ್ಟಿದಂತೆಲ್ಲ ಗುಂಡಿನ ಓಟ ಒಂದೇ ತೆರನಾಗಿರುವುದಿಲ್ಲ. ನಳಿಗೆಯ ಬಾಯಿಯ ಅಂಚು ತುಕ್ಕಿನಿಂದ ಸವೆದರಂತೂ ಗುಂಡು ಹೊರಬೀಳುವ ಕ್ಷಣದಲ್ಲೇ ವಾಲುತ್ತದೆ. ಹಬ್ಬದ ದಿನ ಊರವರು ಮಂದ್‌ನಲ್ಲಿ ನೆರೆದು, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಪೂಜೆಯ ಬೆನ್ನಿಗೇ ಬರುವ ಈ ಪಂದ್ಯ ಕಣ್ಣು ಕೈಗಳನ್ನು ಮಾತ್ರವಲ್ಲದೆ ಕೋವಿಯನ್ನೂ ಪರೀಕ್ಷೆಗೆ ಒಡ್ಡುತ್ತದೆ. ಕೃಷಿಯ ದುಡಿಮೆ ಮುಗಿದು ಬೇಟೆಯ ಕಾಲ ಆರಂಭವಾಗುತ್ತಿದ್ದುದು ಈ ಹಬ್ಬದಿಂದಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಗೆ ಅವಕಾಶ ಉಳಿಯಲಿಲ್ಲ. ಬೇಟೆಯ ಮುನ್ನಿನ ಅಭ್ಯಾಸವಾಗಿದ್ದ ತೆಂಗಿನಕಾಯಿಯೇ ಕೊನೆಗೆ ಕೋವಿಯ ಮುಖ್ಯ ಗುರಿಯಾಗಿ ಉಳಿಯಿತು. ಇತ್ತೀಚಿನ ಸ್ಪರ್ಧೆಗಳಲ್ಲಿ .22 ರೈಫಲ್ ಮತ್ತು 12 ಬೋರ್ ಕೋವಿಗಳಿಗೆ ಪ್ರತ್ಯೇಕ ವಿಭಾಗಗಳಿರುವುದೂ, ಏರ್ ರೈಫಲ್ಲಿನಿಂದ ಕೋಳಿಮೊಟ್ಟೆಗೆ ಗುರಿಯಿಡುವುದೂ ಕಂಡುಬರುತ್ತದೆ.

ಈ ಪದ್ಧತಿ ಉಳಿದು ಬರಲು ಕಾನೂನಿನ ಆಸರೆಯೂ ಕಾರಣ. 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಕೊಡಗು ಬ್ರಿಟಿಷರ ವಶವಾಯಿತು. 1857ರ ದಂಗೆಯ ನಂತರ ಪ್ರಜೆಗಳನ್ನು ನಿಶ್ಶಸ್ತ್ರಗೊಳಿಸುವ ಕಾನೂನುಗಳು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ನೀಡಿದನು. ಸೇವೆಗೆ ಪ್ರತಿಯಾಗಿ ದೊರೆತ ಜಮ್ಮಾ ಭೂಮಿಯ ಹಿಡುವಳಿದಾರರಿಗೂ, ಅವರು ಅನ್ಯ ಸಮುದಾಯದವರಾದರೂ, ಈ ವಿನಾಯಿತಿ ಅನ್ವಯಿಸುತ್ತ ಬಂದಿತು. 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯಲ್ಲಿ 1963ರ ಅಧಿಸೂಚನೆ ಇದನ್ನು ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಹತ್ತು ವರ್ಷಗಳ ಅವಧಿಗೆ ನವೀಕರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದರ ಸಿಂಧುತ್ವವನ್ನು ಎತ್ತಿಹಿಡಿಯಿತು.

ಶತಮಾನ ಮೀರಿದ ಈ ಚರ್ಚೆಯೆಲ್ಲ ಬಹುಮಟ್ಟಿಗೆ ಕೋವಿಯನ್ನು ಹೊಂದುವ ಹಕ್ಕಿನ ಸುತ್ತಲೇ ಸುತ್ತಿದೆ. ಆಚರಣೆಯೊಳಗೆ ಹಕ್ಕಿಗಿಂತ ಪಾಲನೆಗೇ ಹೆಚ್ಚು ಒತ್ತು ಇದೆ: ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು, ಹೀಗೆ ಪ್ರತಿ ಸಂದರ್ಭಕ್ಕೂ ಮನೆಯ ಕೋವಿ ಸಿದ್ಧವಿರಬೇಕಿತ್ತು. ಸಾವಿನ ಸುದ್ದಿಯನ್ನು ಊರಿಗೆ ಮುಟ್ಟಿಸಬೇಕಾದ ಕೋವಿ ಸಿಡಿಯದೆ ಹೋದರೆ ಮನೆತನಕ್ಕೆ ಅದಕ್ಕಿಂತ ಮುಜುಗರ ಇನ್ನೊಂದಿರಲಾರದು. ಉಕ್ಕನ್ನು ತಿನ್ನದ ಕೇಪುಗಳು 20ನೆಯ ಶತಮಾನದಲ್ಲಿ ಬಳಕೆಗೆ ಬಂದ ಮೇಲೆ ಬಿಸಿನೀರಿನ ಅಗತ್ಯ ತಪ್ಪಿದೆ. ಮಳೆಗಾಲದ ತೇವ ಮಾತ್ರ ಹಾಗೆಯೇ ಇರುವುದರಿಂದ ಎಣ್ಣೆಬಟ್ಟೆಯ ಕೆಲಸ ಇನ್ನೂ ತಪ್ಪಿಲ್ಲ.