ಬಣ್ಣದವರು – 6: ಗಲ್ಲಾಪೆಟ್ಟಿಗೆ ಮೇಲಿನ ಎಸ್.ಎಂ. ಪಂಡಿತ್

ಈ ಸಲದ ಕಲಾವಿದರನ್ನ ನೋಡೋಕೆ ಗ್ಯಾಲರಿಗೆ ಹೋಗಬೇಕಾಗಿಲ್ಲ. ಕೊಟ್ಟೂರಿನ ಕಿರಾಣಿ ಅಂಗಡಿ, ಹಡಗಲಿಯ ಹೋಟೆಲು, ಹರಪನಹಳ್ಳಿಯ ಕಟಿಂಗ್ ಶಾಪು, ಎಲ್ಲೇ ಹೋದ್ರೂ ಗಲ್ಲಾಪೆಟ್ಟಿಗೆ ಮೇಲೆ ಕಟ್ಟು ಹಾಕಿಸಿದ ಒಂದು ಹಳೇ ಕ್ಯಾಲೆಂಡರ್ ದೇವರು ಇರುತ್ತಲ್ಲ? ಗಾಜಿನ ಮೇಲೆ ಕುಂಕುಮ, ಪಕ್ಕಕ್ಕೆ ಊದುಬತ್ತಿ ಹೊಗೆಯ ಕಪ್ಪು. ಅಂಥ ಚಿತ್ರಗಳಿಗೆ ಒಂದು ಹೊಸ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ನಮ್ಮ ಕಲಬುರಗಿಯವರದು. ‘ನಮ್ಮ’ ಅಂದಿದ್ದಕ್ಕೆ ನಗಬೇಡ್ರಿ. 371ಜೆ ಸರ್ಟಿಫಿಕೇಟಿಗೆ ಕ್ಯೂ ನಿಂತಾಗ ನಾವೂ ಕಲ್ಯಾಣ ಕರ್ನಾಟಕದವರೇ ಅಲ್ವಾ!

ಸಂಬಾನಂದ ಮೋನಪ್ಪ ಪಂಡಿತ್ ಹುಟ್ಟಿದ್ದು 1916ರಲ್ಲಿ. ಆಗ ಕಲಬುರಗಿ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಚಿತ್ರದ ಮೊದಲ ಪಾಠ ಊರಿನ ಗುರು ಶಂಕರರಾವ್ ಆಳಂದಕರ್ ಅವರಲ್ಲಿ. ಆಮೇಲೆ ಹುಡುಗ ಹೋಗಿದ್ದು ಹೈದರಾಬಾದಿಗಲ್ಲ, ಮದ್ರಾಸಿಗೆ. ಮ್ಯಾಪ್ ನೋಡಿದ್ರೆ ಒಂದು ವಿಷಯ ಗೊತ್ತಾಗುತ್ತೆ: ಮುಂಬೈ–ಮದ್ರಾಸ್ ರೈಲು ದಾರಿಯ ಮೇಲೇ ಇದೆ ಕಲಬುರಗಿ. ಒಂದು ಕಡೆ ಹತ್ತಿದ್ರೆ ಮದ್ರಾಸು, ಇನ್ನೊಂದು ಕಡೆ ಹತ್ತಿದ್ರೆ ಮುಂಬೈ. ಪಂಡಿತ್ ಎರಡೂ ಕಡೆ ಹತ್ತಿದರು. (ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ 1953ರವರೆಗೆ ಮದ್ರಾಸಿಗೇ ಸೇರಿದ್ದವು. ನಮ್ಮ ಮುತ್ತಜ್ಜಂದಿರಿಗೆ ರಾಜಧಾನಿ ಅಂದ್ರೆ ಮದ್ರಾಸೇ.)

ಮದ್ರಾಸಿನ ಕಲಾಶಾಲೆಗೆ ಆಗ ದೇವಿಪ್ರಸಾದ್ ರಾಯ್ ಚೌಧುರಿ ಪ್ರಿನ್ಸಿಪಾಲರು. ಅಲ್ಲಿಂದ ಮುಂಬೈಗೆ ಬಂದು ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾ ಮಂದಿರ, ಆಮೇಲೆ ಜೆ.ಜೆ. ಸ್ಕೂಲು. ಓದು ಮುಗಿತು, ಆದ್ರೆ ಅನ್ನ?

ಅನ್ನ ಕೊಟ್ಟದ್ದು ಸಿನಿಮಾ. 1938ರಲ್ಲಿ ಮುಂಬೈನಲ್ಲಿ ಮೆಟ್ರೋ ಟಾಕೀಸ್ ಶುರುವಾಯ್ತು. ಅಲ್ಲಿ ಬರೀ ಎಂಜಿಎಂ ಕಂಪನಿಯ ಹಾಲಿವುಡ್ ಸಿನಿಮಾಗಳು. ಅವುಗಳ ಪ್ರಚಾರಕ್ಕೆ ಷೋಕಾರ್ಡ್ ಬರೆಯುವ ಕೆಲಸ ಪಂಡಿತರಿಗೆ ಸಿಕ್ಕಿತು. ಮುಂದೆ ಬಾಬೂರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳು. ಇಲ್ಲೇ ನನಗೆ ತುಂಬಾ ಇಷ್ಟವಾಗುವ ಸಂಗತಿ ಇರೋದು. ಹಾಲಿವುಡ್ ಫೋಟೋದಲ್ಲಿ ನಟಿಯ ಹಿಂದಿನಿಂದ ಒಂದು ಲೈಟು ಬಿಡ್ತಾರೆ. ಕೂದಲ ಅಂಚು, ಭುಜದ ಅಂಚು ಮಿಂಚುತ್ತೆ, ಮುಖದ ಒಂದು ಕಡೆ ಮಾತ್ರ ನೆರಳು. ದಿನಾ ಅಂಥ ಫೋಟೋ ಮುಂದಿಟ್ಟುಕೊಂಡು ಪೋಸ್ಟರ್ ಕಲರಿನಲ್ಲಿ ಬರೆದ ಕೈಗೆ ಆ ಬೆಳಕು ಹತ್ತಿಬಿಡ್ತು. ಮುಂದೆ ಅದೇ ಕೈ ಶಿವ-ಪಾರ್ವತಿ, ರಾಧಾ-ಕೃಷ್ಣ, ನಳ-ದಮಯಂತಿಯರನ್ನ ಬರೆದಾಗ ಆ ಬೆಳಕೂ ಜೊತೆಗೆ ಬಂತು. ರಾಜಾ ರವಿವರ್ಮರ ದೇವತೆಗಳು ನಾಟಕದ ಪರದೆ ಮುಂದೆ ನಿಂತಂಗೆ ಕಾಣ್ತಾರೆ. ಪಂಡಿತರವರು ಈಗಷ್ಟೇ ಡೈರೆಕ್ಟರ್ ‘ಆಕ್ಷನ್’ ಅಂದಂಗೆ! ಶಿವನಿಗೆ ಪೈಲ್ವಾನನ ತೋಳು, ನಾಯಕಿಗೆ ಕ್ಲೋಸಪ್ಪಿನ ಕಣ್ಣು.

ಹಾಗಂತ ಹೊಗಳೋದಷ್ಟೇ ಅಲ್ಲ. ಆ ನಾಯಕಿಯರಲ್ಲಿ ಹೆಚ್ಚಿನವರು ಹಾಲಿನಂಗೆ ಬೆಳ್ಳಗೆ. ಬಿಸಿಲಲ್ಲಿ ಶೇಂಗಾ ಕೀಳುವ ನಮ್ಮ ಅವ್ವಂದಿರ ಮೈಬಣ್ಣದ ದಮಯಂತಿಯನ್ನ ನಾನಂತೂ ಅವರ ಚಿತ್ರದಲ್ಲಿ ಕಂಡಿಲ್ಲ. ಸಿನಿಮಾ ಕೊಟ್ಟ ಬೆಳಕಿನ ಜೊತೆ ಸಿನಿಮಾದ ಮೋಹವೂ ಬಂತು ಅಂತ ನನ್ನ ಲೆಕ್ಕ.

ಅದೇ ಮುಂಬೈಯಲ್ಲಿ 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಹುಟ್ಟಿತು. ಅದರಲ್ಲಿದ್ದ ಎಂ.ಎಫ್. ಹುಸೇನರೂ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರೂ ಜೆ.ಜೆ.ಯಲ್ಲೇ ಕಲಿತು, ಪ್ಯಾರಿಸ್ಸಿಗೂ ಹೋಗಿಬಂದು, ಮುಂಬೈಯಲ್ಲೇ ನೆಲೆಸಿದ್ದರು. ಅವರ ಚಿತ್ರಗಳು ಮ್ಯೂಸಿಯಂ ಸೇರಿದವು. ಪಂಡಿತರದ್ದಕ್ಕೆ ‘ಕ್ಯಾಲೆಂಡರ್ ಆರ್ಟ್’ ಅಂತ ಮೂಗು ಮುರಿದರು. ಹೆಬ್ಬಾರರು ಹೆಚ್ಚೋ ಪಂಡಿತರು ಹೆಚ್ಚೋ ಅನ್ನೋ ಜಗಳ ನನಗೆ ಬೇಡ. ಆದ್ರೆ ಒಂದು ಕೇಳ್ತೀನಿ: ದಿನಾ ಬೆಳಿಗ್ಗೆ ಜನ ಸ್ನಾನ ಮಾಡಿ ಬಂದು ಕೈ ಮುಗಿಯುವ ಚಿತ್ರಕ್ಕೆ ಕಲೆಯ ಇತಿಹಾಸದಲ್ಲಿ ಒಂದು ಪುಟ ಇಲ್ಲ ಅಂದ್ರೆ, ಆ ಇತಿಹಾಸ ಯಾರದ್ದು?

ಕನ್ಯಾಕುಮಾರಿಯ ವಿವೇಕಾನಂದ ಸ್ಮಾರಕಕ್ಕಾಗಿ ಅವರು ಬರೆದ ವಿವೇಕಾನಂದರನ್ನೂ ಹುಡುಕಿ ನೋಡ್ರಿ. ಅಲ್ಲಿ ಥಳುಕು ಕಡಿಮೆ, ಬಣ್ಣ ತಣ್ಣಗಾಗಿದೆ. ಮುಂಬೈ ಬಿಟ್ಟು ಕಲಬುರಗಿಗೆ ಮರಳಿದ ಪಂಡಿತರು 1993ರಲ್ಲಿ ತೀರಿಕೊಂಡರು. ಅಲ್ಲಿನ ರಂಗಮಂದಿರಕ್ಕೆ ಈಗ ಅವರದೇ ಹೆಸರು. ಪರೀಕ್ಷೆಗೋ ಯೂತ್ ಫೆಸ್ಟಿಗೋ ಕಲಬುರಗಿಗೆ ಹೋದವರು ಆ ಬೋರ್ಡಿನ ಮುಂದೆ ಸೆಲ್ಫಿ ಕೂಡ ತಗೊಂಡಿರ್ತೀರಿ, ಹೆಸರು ಯಾರದು ಅಂತ ಕೇಳಿರಲ್ಲ.

ಕ್ಯಾಲೆಂಡರಿಗೆ ಒಂದೇ ವರ್ಷ ಆಯಸ್ಸು. ಡಿಸೆಂಬರ್ ಮುಗಿದ್ರೆ ಶೇಂಗಾ ಕಟ್ಟೋಕೆ, ಪುಸ್ತಕಕ್ಕೆ ರಟ್ಟು ಹಾಕೋಕೆ. ಉಳಿದದ್ದು ಯಾರೋ ಅಜ್ಜಿ ‘ದೇವರ ಪಟ, ಹರೀಬ್ಯಾಡ’ ಅಂದಿದ್ದಕ್ಕೆ. ಕಟ್ಟು ಹಾಕುವವರು ಗಾಜಿನ ಅಳತೆಗೆ ಕಾಗದದ ಅಂಚು ಕತ್ತರಿಸ್ತಾರೆ. ಸಹಿ ಇರೋದು ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲೇ. ಈ ವಾರ ಮನೆಯಲ್ಲಿ, ಅಂಗಡಿಯಲ್ಲಿ ಅಂಥದ್ದು ಕಂಡ್ರೆ ಆ ಮೂಲೆ ಒರೆಸಿ ನೋಡ್ರಿ. ಸಹಿ ಸಿಕ್ಕಿದ್ರೆ ಗಾಜಿನಲ್ಲಿ ಲೈಟು ಹೊಳೆಯದಂಗೆ, ಸ್ವಲ್ಪ ಓರೆಯಿಂದ ಫೋಟೋ ತೆಗೆದು ನನಗೆ ಟ್ಯಾಗ್ ಮಾಡ್ರಿ, ಊರಿನ ಹೆಸರಿನ ಜೊತೆ.