ಮಣ್ಣು, ಭಜನೆ, ಆರಾಧನೆ: ಗೊರೇಬಾಳ ಸೀಮೆಯ ಸ್ಮರಣೆಯ ಕೂಟಗಳು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿನಲ್ಲಿ, ಗೊರೇಬಾಳದ ಸುತ್ತಲಿನ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ, ಸತ್ತವರ ಗೌರವಕ್ಕೆ ಎಂಥ ಕೂಟ ಸೇರಬೇಕೆಂಬುದನ್ನು ಮನೆಯವರ ಇಚ್ಛೆಗಿಂತ ಹೆಚ್ಚಾಗಿ, ಅಲ್ಲಿಗೆ ಬಂದು ಕೂಡುವ ಮಂದಿಯೇ ನಿರ್ಧರಿಸುತ್ತ ಬಂದಿದ್ದಾರೆ. ಮಸ್ಕಿಯ ಹೆಸರು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದ ಪ್ರಸಿದ್ಧವಾಯಿತಾದರೂ, 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಶವಸಂಸ್ಕಾರದ ಕುರುಹುಗಳೂ ಕಪ್ಪು-ಕೆಂಪು ಮಡಿಕೆಗಳೂ ಕಬ್ಬಿಣದ ವಸ್ತುಗಳೂ ದೊರೆತವು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಕಲ್ಮನೆಗಳೆಂಬ ಗೋರಿಗಳ ಚಪ್ಪಡಿಗಳನ್ನು ನೋಡಿದರೆ, ಅವು ಒಂದು ಕುಟುಂಬದ ತೋಳ್ಬಲದಿಂದ ಎದ್ದವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಭಾಗದ ಲಿಂಗಾಯತರಲ್ಲಿ ಸಾವಿನ ಕೂಟ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಮಣ್ಣು, ಅಂದರೆ ಶವವನ್ನು ಹೂಳುವ ವಿಧಿ. ಹೀಗೆ ಅಂತ್ಯಕ್ರಿಯೆಗೆ ಹೋಗುವುದನ್ನೇ ಜನ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಮೈತೊಳೆದು ವಿಭೂತಿ ಧರಿಸಿದ ಶವವನ್ನು ಕುಳಿತ ಭಂಗಿಯಲ್ಲಿರಿಸಿ, ಹೂವಿನಿಂದ ಸಿಂಗರಿಸಿದ ವಿಮಾನವೆಂಬ ಅಡ್ಡೆಯಲ್ಲಿ ಹೊತ್ತೊಯ್ದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಿಲ್ವಪತ್ರೆ ಮತ್ತು ವಿಭೂತಿಯೊಂದಿಗೆ ಸಮಾಧಿ ಮಾಡುತ್ತಾರೆ. ಎರಡನೆಯದು ಶಿವಗಣಾರಾಧನೆ. ಜಂಗಮರನ್ನು, ಅಂದರೆ ಗುರುಸ್ಥಾನದವರನ್ನು, ಪೂಜಿಸಿ ಉಣಬಡಿಸಿದ ನಂತರ ಬೀಗರಿಗೂ ಊರವರಿಗೂ ಪ್ರಸಾದ ನೀಡುವ ಈ ಕಾರ್ಯದಲ್ಲಿ ಉಳ್ಳವರು ಮಾಡಿದ ಖರ್ಚು ಇಲ್ಲದವರಿಗೆ ಸಾಲದ ದಾರಿ ತೋರಿದ್ದೂ ಉಂಟು. ಸೂತಕವನ್ನೇ ಒಪ್ಪದ ಶರಣರ ಹೆಸರಿನಲ್ಲಿ ಇಂಥ ಹೊರೆ ಬೆಳೆದದ್ದು ವಿಪರ್ಯಾಸವೇ ಸರಿ.

ಖರ್ಚಿಲ್ಲದ ಕೂಟವೆಂದರೆ ಭಜನೆ. ಶವ ಮನೆಯಲ್ಲಿರುವ ರಾತ್ರಿ ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳಗಳೊಂದಿಗೆ ಬಂದು ಕೂಡುವ ಊರಿನ ಮೇಳದವರು ಬೆಳಗಿನವರೆಗೆ ತತ್ವಪದಗಳನ್ನು, ಅಂದರೆ ದೇಹ ಮತ್ತು ಆತ್ಮದ ವಿಚಾರವನ್ನು ಆಡುಮಾತಿನಲ್ಲಿ ಹೇಳುವ ಅನುಭಾವಿಗಳ ಪದಗಳನ್ನು ಹಾಡುತ್ತಾರೆ. ಕಡಕೋಳದ ಮಡಿವಾಳಪ್ಪನ ಪದ ಮುಗಿದಲ್ಲಿ ಶಿಶುನಾಳ ಶರೀಫರ ಪದ ಶುರುವಾದರೆ ಯಾರಿಗೂ ಅದು ಬೇರೆಯೆನಿಸುವುದಿಲ್ಲ. ಗಣಾರಾಧನೆಯ ಪಂಕ್ತಿ ಕೇಳುವ ಜಾತಿಯನ್ನು ಭಜನೆಯ ಮೇಳ ಅಷ್ಟಾಗಿ ಕೇಳುವುದಿಲ್ಲ.

ನೆರೆಯ ಮಾನ್ವಿಯಲ್ಲಿ 1809ರಲ್ಲಿ ದೇಹಬಿಟ್ಟ ಹರಿದಾಸ ಜಗನ್ನಾಥದಾಸರಿಗೆ ಪ್ರತಿ ಭಾದ್ರಪದ ಶುದ್ಧ ನವಮಿಯ ಸುಮಾರಿಗೆ ನಡೆಯುವ ಆರಾಧನೆ ಇನ್ನೊಂದು ಬಗೆಯದು. ಪೂರ್ವ, ಮಧ್ಯ, ಉತ್ತರ ಎಂದು ಮೂರು ದಿನಗಳಿಗೆ ಹಂಚಿಕೊಂಡಿರುವ ಈ ಮಾಧ್ವ ಪದ್ಧತಿಯಲ್ಲಿ, ಸತ್ತವರ ಮಕ್ಕಳ ಬದಲು ಶಿಷ್ಯಪರಂಪರೆಯೇ ಸ್ಮರಣೆಯ ಭಾರ ಹೊರುತ್ತದೆ.

ರಕ್ತಸಂಬಂಧವನ್ನು ಇನ್ನೂ ದೂರ ದಾಟಿದ್ದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದ ಇಮಾಮ್ ಹುಸೇನರ ಶೋಕಾಚರಣೆಗೆ ಬಿಜಾಪುರದ ಆದಿಲ್‌ಶಾಹಿಗಳ ಶಿಯಾ ಒಲವು ದಖ್ಖನ್ನಿನಲ್ಲಿ ಬಲ ನೀಡಿತಾದರೂ, ಇಲ್ಲಿ ಅದನ್ನು ಉಳಿಸಿಕೊಂಡವರಲ್ಲಿ ಹಿಂದೂಗಳೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಹರಕೆ ಹೊತ್ತು ಫಕೀರರಾಗುವವರು, ಅಲಾಯಿ ದೇವರಿಗೆ ಸಕ್ಕರೆ ಓದಿಸುವವರು ಹಲವು ಜಾತಿಗಳಿಂದ ಬರುತ್ತಾರೆ. ಕರ್ಬಲಾದ ಕಥೆಯನ್ನು ಹೇಳುವ ರಿವಾಯತ್ ಪದಗಳು ಕನ್ನಡದಲ್ಲೇ ಇವೆ.

ಕಲ್ಲಿನ ಗೋರಿಗಳನ್ನು ಪುರಾತತ್ವ ಇಲಾಖೆ ದಾಖಲಿಸಿದೆ, ದಾಸರ ಕೃತಿಗಳು ಅಚ್ಚಾಗಿವೆ. ಊರೂರ ಭಜನಾ ಮೇಳಗಳ ಕೈಬರಹದ ಪದದ ಪುಸ್ತಕಗಳು ಮಾತ್ರ ಹಾಡುವ ಹಿರಿಯರೊಂದಿಗೇ ಕಣ್ಮರೆಯಾಗುತ್ತಿರುವುದರಿಂದ, ಈ ಸೀಮೆಯ ಶಾಲಾ ಕಾಲೇಜುಗಳ ಅಧ್ಯಾಪಕರು ತಮ್ಮ ಊರಿನವನ್ನಾದರೂ ಪ್ರತಿ ಮಾಡಿಸಿ ಇಡಬೇಕು.