ಕೋಡಿಲ್ಲದ ಎತ್ತು, ಸುಂಕದ ಬೊಂಬೆ

ಚಿತ್ತವಾಡ್ಗಿಗೆ ಅಂಟಿಕೊಂಡಿರುವ ಹೊಸಪೇಟೆಯು ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರವೆಂಬುದು ವಾಚಕರು ಬಲ್ಲ ಸಂಗತಿ. ಅದರ ಹೆಬ್ಬಾಗಿಲಿನ ಸುಂಕದ ಬಗೆಯನ್ನು ಸುಮಾರು 1535ರಲ್ಲಿ ಬರೆದಿಟ್ಟವನು ಪೋರ್ತುಗೀಜ ಕುದುರೆ ವ್ಯಾಪಾರಿಯಾದ ನೂನಿಜ್. ಬಾಗಿಲಿನ ಗುತ್ತಿಗೆ ವರ್ಷಕ್ಕೆ 12,000 ಪರ್ದಾವ್, ಎಂದರೆ ನಮ್ಮ ವರಾಹ. ಗುತ್ತಿಗೆದಾರನು ಕೇಳಿದಷ್ಟು ತೆರದೆ ಹಳ್ಳಿಗನಾಗಲಿ ಪರದೇಶಿಯಾಗಲಿ ಒಳಹೊಗುವಂತಿರಲಿಲ್ಲ. ದಿನಕ್ಕೆ 2,000 ಹೇರೆತ್ತುಗಳು ಬರುತ್ತಿದ್ದವು. ಎತ್ತೊಂದಕ್ಕೆ ಮೂರು ವಿಂಟೆಮ್ ಎಂಬ ಸಣ್ಣ ನಾಣ್ಯ. ಆದರೆ ಕೋಡಿಲ್ಲದ ಎತ್ತಿಗೆ ರಾಜ್ಯದಲ್ಲೆಲ್ಲಿಯೂ ಸುಂಕವಿಲ್ಲ! ಬೆನ್ನಿನ ಹೇರು ಒಂದೇ ಆದರೂ ತಲೆಯ ಕೋಡೇ ವರ್ತಕನ ಲಾಭನಷ್ಟವನ್ನು ನಿರ್ಣಯಿಸುತ್ತಿತ್ತು.

ಇದಕ್ಕೆ ನಗುವವರು ಈಚಿನ ಒಂದು ವ್ಯಾಜ್ಯವನ್ನು ಕೇಳಬೇಕು. ಅಮೆರಿಕದ ಸುಂಕದ ಪಟ್ಟಿಯಲ್ಲಿ ಹಿಂದೆ ಬೊಂಬೆಗೆ ಶೇಕಡಾ 12, ಇತರ ಆಟಿಕೆಗೆ 6.8 ಇದ್ದಿತು. ಬೊಂಬೆಯೆಂದರೆ ಮನುಷ್ಯಾಕೃತಿಯದು. ಟಾಯ್ ಬಿಜ್ ಎಂಬ ಕಂಪನಿಯು ತರಿಸಿದ 'ಎಕ್ಸ್-ಮೆನ್' ವೀರರ ಮೂರ್ತಿಗಳು ಮನುಷ್ಯರವೋ ಅಲ್ಲವೋ? ಉಗುರು, ರೆಕ್ಕೆಗಳನ್ನು ಎಣಿಸಿನೋಡಿದ ನ್ಯಾಯಾಲಯವು 2003ರಲ್ಲಿ, ಅಲ್ಲವೆಂದು ತೀರ್ಪಿತ್ತಿತು. ಕಂಪನಿಗೆ ಹಣವುಳಿಯಿತು. ತಾವೂ ಮನುಷ್ಯರೆಂದು ಕಥೆಯುದ್ದಕ್ಕೂ ಹೋರಾಡುವ ಆ ವೀರರು ಮಾತ್ರ ಸೋತರು.

2007ರಲ್ಲಿ ಜಾಗತಿಕ ಪಟ್ಟಿಯು ಬೊಂಬೆಯನ್ನೂ ಆಟಿಕೆಯನ್ನೂ 9503 ಎಂಬ ಒಂದೇ ಶೀರ್ಷಿಕೆಯಲ್ಲಿ ಸೇರಿಸಿದುದರಿಂದ ಆ ಜಗಳವಡಗಿತು. ನಮ್ಮ ಸರ್ಕಾರವು ಅದರ ಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿತು. ಆದರೆ ನೂರು ವರ್ಷ ದಾಟಿದ ವಸ್ತುವು ಪ್ರಾಚೀನವಸ್ತುಗಳ 9706ಕ್ಕೆ ಸೇರುವುದು. ಆದುದರಿಂದ ದಸರೆಯ ಮೆಟ್ಟಿಲಿಗೆಂದು ಪರದೇಶದ ಹಳೆಯ ಬೊಂಬೆಯನ್ನು ತರಿಸುವವರು ಅದರ ಮುಖಕ್ಕಿಂತ ಮೊದಲು ವಯಸ್ಸಿನ ದಾಖಲೆಯನ್ನು ನೋಡತಕ್ಕದ್ದು.